ಮುಳುಗುವ ಬೂದಿ

“ಇದು ಹೊಟ್ಟಿನ ಬೂದಿ ಅಲ್ರೀ ಅಕ್ಕಾರ,” ಎಂದ ಇಟ್ಟಂಗಿ ಭಟ್ಟಿಯ ಪಂಪಣ್ಣ. “ಯಾರ ಮುಂದ ಬೇಕಾದ್ರೂ ಹೇಳ್ತೀನಿ.”

ನೇತ್ರಾವತಿ ಅಂಗೈಯಲ್ಲಿದ್ದ ಬೂದಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಮರಳಿನಂತೆ ಚುಚ್ಚಿತು. ನಡುನಡುವೆ ಕಡಲೆಕಾಳಿನಷ್ಟು ದಪ್ಪದ ಕರಿ ಗಂಟುಗಳು. ಹತ್ತು ಗಂಟೆಯೂ ಆಗಿರಲಿಲ್ಲ. ಆಗಲೇ ನೆಲ ಕಾದು ಚಪ್ಪಲಿಯ ಅಡಿ ಸುಡುತ್ತಿತ್ತು.

“ನಾ ಇಪ್ಪತ್ತೆರಡು ವರ್ಷ ಇಟ್ಟಂಗಿ ಸುಟ್ಟೀನ್ರಿ. ಭತ್ತದ ಹೊಟ್ಟಿನ ಬೂದಿ ಅಂದ್ರ ಹತ್ತಿ ಅರಳಿ ಇದ್ದಂಗ. ಉಫ್ ಅಂದ್ರ ಹಾರಬೇಕು. ಮಣ್ಣಾಗ ಕಲಿಸಿದ್ರ ಇಟ್ಟಂಗಿ ಹಗುರ ಬರ್ತಾವು, ಒಳಗಿನತನಕ ಬೇಯ್ತಾವು. ಈ ಬೂದಿ ಕಲಿಸಿದ್ರ ಬಾಯಿ ಬಿಡ್ತಾವು. ಹೋದ ಬ್ಯಾಸಿಗಿಯಿಂದ ಇದ ಹಾಡು.”

“ಕ್ಯಾಮೆರಾ ಫ್ಯಾಕ್ಟರಿಯವ್ರಿಗೆ ಹೇಳ್ಲಿಲ್ಲೇನ್ರಿ?”

“ಪುಕ್ಕಟ ಕೊಡ್ತಾರ್ರಿ. ವಾರಕ್ಕ ಎರಡು ಸಲ ನಮ್ಮ ಟ್ರ್ಯಾಕ್ಟರ್ ಹೋಗಿ ತುಂಬಿಕೊಂಡು ಬರ್ತೈತಿ. ದಾನಕ್ಕ ಬಂದ ಎತ್ತಿನ ಹಲ್ಲು ಎಣಸಬಾರ್ದು ಅಂತಾರಲ್ಲ.”

ಸೊರಾಮಿ ಕ್ಯಾಮೆರಾ ಕಂಪನಿಯ ಕೊಪ್ಪಳ ಕಾರ್ಖಾನೆಯಲ್ಲಿ ಒಂದು ಚೂರೂ ಕಲ್ಲಿದ್ದಲು ಉರಿಯುವುದಿಲ್ಲ ಎಂದು ಕಂಪನಿ ಜಗತ್ತಿಗೆಲ್ಲ ಸಾರಿತ್ತು. ಅದು ಸುಳ್ಳು ಎಂದು ನೇತ್ರಾವತಿಗೆ ಗುಟ್ಟಾಗಿ ಪತ್ರ ಬರೆದ ಬಾಯ್ಲರ್ ಕೆಲಸಗಾರ ದುರಗೇಶ ಒಂಬತ್ತು ದಿನಗಳಿಂದ ಪತ್ತೆ ಇರಲಿಲ್ಲ.

ಅವಳು ಪೊಲೀಸಳಲ್ಲ. ಇಪ್ಪತ್ತೆಂಟು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಚಿಮಣಿಗಳ ಹೊಗೆ ಅಳೆದು, ಮಂಡಿ ಸವೆಸಿಕೊಂಡು, ಈಗ ಹುಬ್ಬಳ್ಳಿಯ ಒಂದು ಪರಿಶೀಲನಾ ಸಂಸ್ಥೆಗೆ ಕೆಲಸ ಮಾಡುತ್ತಿದ್ದಳು. ಕಾರ್ಖಾನೆಗಳು ತಾವು ಇಷ್ಟೇ ಹೊಗೆ ಬಿಟ್ಟೆವು ಎಂದು ಬರೆದುಕೊಟ್ಟದ್ದು ಖರೆಯೋ ಸುಳ್ಳೋ ನೋಡಿ ಸಹಿ ಮಾಡುವುದು ಅವಳ ಕೆಲಸ. ಸೊರಾಮಿಯ ವರದಿಗೆ ಸೋಮವಾರದೊಳಗೆ ಸಹಿ ಬೀಳಬೇಕಿತ್ತು. ಇವತ್ತು ಶನಿವಾರ.

“ಹಳೆ ಬೂದಿ ಏನರ ಉಳದೈತೇನ್ರಿ, ಪಂಪಣ್ಣಾರ? ಎರಡು ವರ್ಷದ ಹಿಂದಿಂದು?”

ಪಂಪಣ್ಣ ತಗಡಿನ ಚಪ್ಪರದ ಹಿಂದಿನಿಂದ ಒಂದು ಹರಕು ಚೀಲ ಎಳೆದು ತಂದ. ಅದರೊಳಗಿನ ಬೂದಿ ನೋಡಲಿಕ್ಕೇ ಬೇರೆ ಇತ್ತು. ಹಗುರ, ಬಿಳಿ ಬೂದು ಬಣ್ಣ, ಅಲ್ಲಲ್ಲಿ ಭತ್ತದ ಸಿಪ್ಪೆಯ ಆಕಾರ ಹಾಗೇ ಉಳಿದಿತ್ತು.

“ಎರಡು ಲೋಟ ನೀರು ಕೊಡಿಸ್ರಿ,” ಎಂದಳು ನೇತ್ರಾವತಿ.

ನೀರು ತಂದವಳು ಹೊಳಿಯಮ್ಮ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಭಟ್ಟಿಯಲ್ಲಿ ಮಣ್ಣು ಕಲಿಸುವವಳು, ಮೊಣಕಾಲಿನವರೆಗೆ ಕೆಂಪು ಧೂಳು. ಅವಳು ದುರಗೇಶನ ಅಕ್ಕ. ಆ ಮಾತು ಈ ಭಟ್ಟಿಯಲ್ಲಿ ಪಂಪಣ್ಣನಿಗೂ ತಿಳಿದಿರಲಿಲ್ಲ. ನೇತ್ರಾವತಿಗೆ ತಿಳಿದದ್ದು ಪತ್ರದ ಕೊನೆಯ ಸಾಲಿನಿಂದ: ‘ನನಗೆ ಏನಾದರೂ ಆದರೆ ಪಂಪಣ್ಣನ ಭಟ್ಟಿಯಲ್ಲಿ ನಮ್ಮ ಅಕ್ಕ ಹೊಳಿಯಮ್ಮ ಇರ್ತಾಳ, ಅವಳನ್ನು ಕೇಳಿರಿ.’

ಒಂದು ಲೋಟದಲ್ಲಿ ಹಳೆಯ ಬೂದಿ ಹಾಕಿದಳು. ಅದು ನೀರಿನ ಮೇಲೆ ಕೆನೆಯಂತೆ ಹರಡಿ ತೇಲಿತು. ಇನ್ನೊಂದರಲ್ಲಿ ಹೊಸ ಬೂದಿ. ಅದು ಸರ್ರನೆ ತಳಕ್ಕೆ ಇಳಿದು ಕೂತಿತು.

“ಕಲ್ಲಿದ್ಲಿ,” ಎಂದ ಪಂಪಣ್ಣ.

ನೇತ್ರಾವತಿಗೆ ಗೆದ್ದೆ ಎನಿಸಬೇಕಾಗಿತ್ತು, ಅನಿಸಲಿಲ್ಲ. ಎಷ್ಟು ಊರಿನಲ್ಲಿ ಎಷ್ಟು ಬೂದಿ ನೋಡಿದ್ದಾಳೆ. ಪ್ರತಿ ಸಲವೂ ಗುಮಾನಿ ನಿಜವಾಗುತ್ತಿತ್ತು, ಪ್ರತಿ ಸಲವೂ ಮೈ ಇನ್ನಷ್ಟು ಭಾರವಾಗುತ್ತಿತ್ತು.

ಪಂಪಣ್ಣ ಕೂಲಿಯವರ ಕಡೆ ಹೋದ ಮೇಲೆ ಹೊಳಿಯಮ್ಮ ಚಪ್ಪರದ ನೆರಳಿನಲ್ಲಿ ಅವಳನ್ನು ಕೂಡಿಸಿ, ರೊಟ್ಟಿಯ ಗಂಟು ಬಿಚ್ಚಿದಳು.

“ಒಂದು ರೊಟ್ಟಿ ತಿನ್ರಿ. ಮಾರಿ ಬಾಡೇತಿ ನಿಮ್ದು.”

“ನಿನಗ ಬೇಕಲ್ಲವ್ವ.”

“ತಿನ್ರಿ ಸುಮ್ನ.”

ನೇತ್ರಾವತಿ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಒತ್ತಿದಳು. ಎರಡು ತುತ್ತು ನುಂಗಿದ ಮೇಲೆ ಕೇಳಿದಳು. “ಕಡೀಕ ಅವನ್ನ ನೋಡಿದ್ದು ಯಾವಾಗ?”

“ಹೋದ ವಾರ ಬುಧವಾರ ಸಂಜಿಕ ಬಂದಿದ್ದ. ರಾತ್ರಿ ಪಾಳಿ ಐತಿ ಅಂದ. ಗುರುವಾರ ಮುಂಜಾನೆ ಪಾಳಿ ಮುಗಿಸಿ ಹೊಂಟಾನ ಅಂತ ಗೇಟಿನ ಪುಸ್ತಕದಾಗ ಬರದೈತಂತ. ಎಲ್ಲಿಗೆ ಹೋದನೋ ನನಗ ಗೊತ್ತಿಲ್ರಿ.”

“ಗುರುವಾರ ನೀ ಎಲ್ಲಿದ್ದಿ?”

“ಇಲ್ಲೇ. ಹೊತ್ತು ಮುಳುಗೂತನ ಮಣ್ಣು ಕಲಿಸೀನಿ.” ಹೊಳಿಯಮ್ಮ ಲೋಟಗಳ ಕಡೆ ನೋಡಿದಳು. “ಗೋವಾಕ್ಕ ದುಡಿಯಾಕ ಹೋಗಿರ್ತಾನ ಅಂತಾರ ಮಂದಿ. ನಮ್ಮ ಕನಕಗಿರಿ ಕಡಿಯವ್ರು ಹಂಗ ಹೇಳದ ಹೋಗಾವ್ರಲ್ರಿ.”

“ಫ್ಯಾಕ್ಟರಿಯವ್ರು ಬಂದಿದ್ರೇನು ನಿನ್ನ ಹತ್ರ?”

“ಅವ್ರಿಗೆ ನಾ ಅಕ್ಕ ಅನ್ನೋದ ಗೊತ್ತಿಲ್ಲ. ಅವನ ಖೋಲಿ ಹುಡಿಕ್ಯಾರಂತ, ಕುಷ್ಟಗಿಯಾಗ. ಅವನ ಗೆಳೆಯಾ ಓಬಳೆಪ್ಪನ್ನ ಕರಕೊಂಡು ಹೋಗ್ಯಾರ.” ಅವಳ ದನಿ ತಗ್ಗಿತು. “ನೀವು ಹೇಳಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ. ಅವನ್ನ ಹುಡಿಕಿ ಕೊಡ್ರಿ ಅಷ್ಟ.”

ನೇತ್ರಾವತಿ ಅವಳ ಮಣ್ಣಿನ ಕೈಯ ಮೇಲೆ ಕೈ ಇಟ್ಟಳು. “ಹೇಳಂಗಿಲ್ಲವ್ವ.”

*

ಕುಷ್ಟಗಿ ರಸ್ತೆಯಲ್ಲಿ ಕಾರು ಓಡುತ್ತಿತ್ತು. ಎರಡೂ ಕಡೆ ದಿನ್ನೆಗಳ ಮೇಲೆ ಗಾಳಿಯಂತ್ರಗಳು ನಿಂತಿದ್ದವು. ಗಾಳಿ ಇರಲಿಲ್ಲ, ಒಂದೂ ತಿರುಗುತ್ತಿರಲಿಲ್ಲ.

ಕಾರು ಓಡಿಸುತ್ತಿದ್ದ ಬಡೇಸಾಬ ಗಂಗಾವತಿಯವನು, ಅರವತ್ತು ದಾಟಿದವನು. ಹದಿನೈದು ದಿನದಿಂದ ಅವಳನ್ನು ಮಿಲ್ಲು, ಭಟ್ಟಿ, ಕಾರ್ಖಾನೆ ಎಂದು ಸುತ್ತಿಸಿ ಅವನಿಗೂ ಸಾಕಾಗಿತ್ತು.

“ಒಂದು ಮಾತು ಕೇಳ್ಲೇನ್ರಿ ಮೇಡಂ? ಆ ಒಂದು ಚಿಮಣಿ ಹೊಗಿ ನಿಂತ್ರ ಈ ಬಿಸಲು ಕಮ್ಮಿ ಆಗ್ತೈತೇನ್ರಿ?”

“ಇಲ್ರಿ.”

“ಮತ್ತ ಯಾಕ್ರಿ ಇಷ್ಟು ತ್ರಾಸು?”

ನೇತ್ರಾವತಿ ತಲೆಯನ್ನು ಸೀಟಿಗೆ ಆನಿಸಿದಳು. ಇದೇ ಪ್ರಶ್ನೆಯನ್ನು ತನ್ನನ್ನು ತಾನು ಎಷ್ಟು ವರ್ಷ ಕೇಳಿಕೊಂಡಿದ್ದಳೋ. “ನಿಮ್ಮ ಮನ್ಯಾಗ ಜ್ವರ ಬಂದವ್ರು ಇದ್ದಾರ ಅಂತ ತಿಳೀರಿ ಬಡೇಸಾಬ್ರ. ಥರ್ಮಾಮೀಟರ್ ಸುಳ್ಳು ಹೇಳಿದ್ರ ಹೆಂಗ ನಡೀತೈತಿ? ಜ್ವರ ಇಳಸೋದು ನನ್ನ ಕೆಲಸ ಅಲ್ಲ. ಅದು ಸುಳ್ಳು ಹೇಳದಂಗ ನೋಡೋದು ನನ್ನ ಕೆಲಸ.”

ಬಡೇಸಾಬ ಹಣೆಯ ಬೆವರು ಒರೆಸಿಕೊಂಡ. “ಜ್ವರ ಭಾಳ ಏರೇತ್ರಿ,” ಎಂದ.

ನಿನ್ನೆ ಇಬ್ಬರೂ ಗಂಗಾವತಿಯಲ್ಲಿ ಮೂರು ಅಕ್ಕಿ ಮಿಲ್ಲು ತಿರುಗಿದ್ದರು. ಕಾರ್ಖಾನೆಗೆ ಹೊಟ್ಟು ಕಳಿಸುವವರು ಎಂದು ವರದಿಯಲ್ಲಿ ಹೆಸರಿದ್ದದ್ದು ಆ ಮೂರಕ್ಕೇ. ಎರಡು ಮಿಲ್ಲಿನವರು ಒಂದು ವರ್ಷದಿಂದ ಒಂದು ಲಾರಿ ಹೊಟ್ಟನ್ನೂ ಕೊಟ್ಟಿರಲಿಲ್ಲ. ಮೂರನೆಯ ಮಿಲ್ಲಿಗೆ ಬೀಗ ಬಿದ್ದಿತ್ತು.

ಕಂಪನಿಯ ಲೆಕ್ಕ ನಿಂತದ್ದೇ ಆ ಹೊಟ್ಟಿನ ಮೇಲೆ. ಕ್ಯಾಮೆರಾದ ಲೋಹದ ಕವಚಕ್ಕೆ ಬಣ್ಣ ಹಾಕಿ ಒಣಗಿಸಲು ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು. ಹೊಟ್ಟು ಸುಟ್ಟರೆ ವರದಿಯಲ್ಲಿ ಸೊನ್ನೆ ಬರೆಯಬಹುದು. ಭತ್ತ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲವನ್ನೇ ಅದು ಬಿಟ್ಟುಕೊಡುತ್ತದೆ, ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುತ್ತದೆ. ಕಲ್ಲಿದ್ದಲಿಗೆ ಆ ಸೊನ್ನೆ ಇಲ್ಲ. ದಿನಕ್ಕೆ ಹತ್ತು ಟನ್ ಸುಟ್ಟಿದ್ದರೂ ವರ್ಷಕ್ಕೆ ಆರು ಸಾವಿರ ಟನ್ ಮೀರಿದ ಇಂಗಾಲದ ಡೈಆಕ್ಸೈಡ್. ಅಷ್ಟನ್ನೂ ಲೆಕ್ಕದಲ್ಲಿ ನುಂಗಿ, ಪ್ರತಿ ಕ್ಯಾಮೆರಾದ ಡಬ್ಬಿಯ ಮೇಲೆ ಒಂದು ಹಸಿರು ಎಲೆಯ ಗುರುತು ಒತ್ತಿ ಕಳಿಸುತ್ತಿದ್ದರು.

ಆದರೆ ಎರಡು ಲೋಟ ನೀರು, ಇಬ್ಬರು ಮಿಲ್ಲಿನವರ ಮಾತು ಇಷ್ಟರಿಂದ ಏನೂ ಆಗದು ಎಂದು ಅವಳಿಗೆ ಗೊತ್ತಿತ್ತು. ಬೂದಿ ಎಲ್ಲಿಂದಲಾದರೂ ಬಂದಿರಬಹುದು ಎನ್ನುತ್ತಾರೆ. ದಿನಾಂಕವಿರುವ ಸಾಕ್ಷಿ ಬೇಕಿತ್ತು.

*

ಅದು ಸಿಕ್ಕಿದ್ದು ಅವಳು ಹುಡುಕದ ಕಡೆ.

ಊಟದ ಹೊತ್ತು ಕಳೆದ ಮೇಲೆ ಕಾರ್ಖಾನೆಯ ಪ್ರತಿ ವಿಭಾಗದ ವಿದ್ಯುತ್ ಮೀಟರ್ ನೋಡುತ್ತ ಮೂರನೆಯ ಮಹಡಿ ಹತ್ತಿದ್ದಳು. ಪ್ರತಿ ಮೆಟ್ಟಿಲಿಗೂ ಮಂಡಿ ಕಟಕಟ ಎಂದಿತು. ಅಲ್ಲಿ ತಯಾರಾದ ಕ್ಯಾಮೆರಾಗಳನ್ನು ಪರೀಕ್ಷೆ ಮಾಡುವ ಕೋಣೆ. ಸಹನಾ ಎಂಬ ಹುಡುಗಿ ಕುರ್ಚಿ ಸರಿಸಿ ಕೊಟ್ಟಳು. ಹನುಮಸಾಗರದಿಂದ ದಿನಾ ಬಸ್ಸಿಗೆ ಬಂದು ಹೋಗುವವಳು, ಮೂರು ವರ್ಷದಿಂದ ಈ ಕಿಟಕಿಯ ಮುಂದೆ ಕೂತವಳು.

ಕಿಟಕಿಯಲ್ಲಿ ಒಂದು ಕಬ್ಬಿಣದ ನಿಲುವು. ಅದರ ಮೇಲೆ ಕೂರಿಸಿದ ಕ್ಯಾಮೆರಾ ಹೊರಗಿನ ನೀರಿನ ಟಾಕಿಯನ್ನು ನೋಡುತ್ತಿತ್ತು. ಟಾಕಿಯ ಮೇಲೆ ಚದುರಂಗದ ಹಾಸಿನಂತೆ ಕಪ್ಪು ಬಿಳುಪು ಚೌಕ ಬರೆದಿದ್ದರು.

“ಇದೇನವ್ವ?”

“ಲೆನ್ಸ್ ಪರೀಕ್ಷೆ ಮಾಡೋದ್ರಿ ಮೇಡಂ. ದಿನಕ್ಕ ಎರಡು ಸಲ, ಮುಂಜಾನೆ ಹತ್ತಕ್ಕ, ಸಂಜಿ ನಾಕಕ್ಕ, ಹೊಸ ಕ್ಯಾಮೆರಾ ಹಚ್ಚಿ ಅದ ಟಾಕಿ ಫೋಟೋ ತೆಗಿತೀವಿ. ನಡುವ ಎಂಥ ಲೆನ್ಸಿದ್ರೂ ಛಲೋ ಬರ್ತೈತ್ರಿ. ಕಸರು ಇದ್ರ ಮೂಲ್ಯಾಗ ಗೊತ್ತಾಗ್ತೈತಿ. ಅದಕ್ಕ ನಾವು ನಾಕೂ ಮೂಲಿ ದೊಡ್ಡದು ಮಾಡಿ ನೋಡ್ತೀವಿ.”

ನೇತ್ರಾವತಿ ಎದ್ದು ಕಿಟಕಿಗೆ ಬಂದಳು. ನಡುವೆ ಟಾಕಿ. ಟಾಕಿಯ ಹಿಂದೆ ಬಾಯ್ಲರಿನ ಚಿಮಣಿ. ಎಡಕ್ಕೆ ಉರುವಲು ರಾಶಿ ಹಾಕುವ ಬಯಲು. ಬಲಗಡೆ ಕೆಳಮೂಲೆಯಲ್ಲಿ ಬೂದಿ ಹೊರಗೆ ಹಾಕುವ ಹಿಂದಿನ ಗೇಟು.

“ಹಳೇ ಫೋಟೋ ಅದಾವೇನು?”

“ಮೂರು ವರ್ಷದ್ದೂ ಅದಾವ್ರಿ. ಅಳಿಸಬಾರ್ದು ಅಂತ ಕಂಪನಿ ನಿಯಮ ಐತಿ.”

“ಕ್ಯಾಮೆರಾ ನೋಡಿದ್ರಿ. ಫೋಟೋದಾಗ ಏನೈತಿ ಯಾರೂ ನೋಡಲಿಲ್ಲೇನು?”

ಸಹನಾ ಒಂದು ಕ್ಷಣ ಅವಳನ್ನು ನೋಡಿದಳು. ಆಮೇಲೆ ಮೆಲ್ಲಗೆ, “ನಾ ನೋಡೀನ್ರಿ,” ಎಂದಳು. “ಕೇಳಾವ್ರು ಯಾರೂ ಇರಲಿಲ್ಲ.”

*

ಪರಿಸರ ವಿಭಾಗದ ಮುಖ್ಯಸ್ಥ ಪ್ರಭುರಾಜನ ಕೋಣೆಯಲ್ಲಿ ಗೋಡೆಯ ತುಂಬ ಒಂದು ಚಿತ್ರಪಟ. ಹಸಿರು ಎಲೆ, ಅದರ ಕೆಳಗೆ ದಪ್ಪ ಅಕ್ಷರ: ‘ನಮ್ಮ ಹೊಗೆ 2030ಕ್ಕೆ ಅರ್ಧ, 2040ಕ್ಕೆ ಸೊನ್ನೆ. ಇದು ನಮ್ಮ ವಚನ.’

ಪ್ರಭುರಾಜ ಯಲಬುರ್ಗಿ ಕಡೆಯವನು, ನಲವತ್ತೈದರ ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಅವಳಿಗೆ ಮಜ್ಜಿಗೆ ತರಿಸಿದ. ವರದಿಯ ಕೊನೆಯ ಹಾಳೆಯನ್ನು ಮುಂದೆ ಸರಿಸಿ ಪೆನ್ನನ್ನೂ ಇಟ್ಟ.

“ಮುಗಿಸಿಬಿಡ್ರಿ ಮೇಡಂ. ನಿಮಗೂ ಸಾಕಾಗೇತಿ, ನನಗೂ ಸಾಕಾಗೇತಿ.”

ನೇತ್ರಾವತಿ ಬೂದಿಯ ಪೊಟ್ಟಣವನ್ನು ಹಾಳೆಯ ಮೇಲೆ ಇಟ್ಟಳು. “ನಿಮ್ಮ ಬಾಯ್ಲರಿನ ಬೂದಿ ನೀರಾಗ ಮುಳುಗ್ತೈತ್ರಿ.”

“ಬೂದಿ ಯಾರದರ ಇರಬಹುದು. ಭಟ್ಟಿಯವ್ರು ನಾಕು ಕಡಿಂದ ತರ್ತಾರ.”

“ನಾನೂ ಹಂಗ ಅಂದ್ಕೊಂಡೆ. ಅದಕ್ಕ ನಿಮ್ಮ ಕ್ಯಾಮೆರಾನ ಕೇಳಿದೆ.”

ಸಹನಾ ಮೂರು ವರ್ಷದ ಚಿತ್ರ ತುಂಬಿಕೊಟ್ಟಿದ್ದ ಪೆನ್ ಡ್ರೈವನ್ನು ಅವನ ಕಂಪ್ಯೂಟರಿಗೆ ಹಾಕಿದಳು. ಮೊದಲ ಚಿತ್ರ ಮೂರು ವರ್ಷದ ಹಿಂದಿನದು: ಎಡಗಡೆ ಬಯಲಿನಲ್ಲಿ ಬಂಗಾರದ ಬಣ್ಣದ ಹೊಟ್ಟಿನ ಗುಡ್ಡೆ, ಚಿಮಣಿಯಿಂದ ತೆಳು ಬಿಳಿ ಹೊಗೆ. ಎರಡನೆಯದು ಹೋದ ವರ್ಷ ಮೇ ತಿಂಗಳದ್ದು: ಬಯಲು ಖಾಲಿ. ಮೂರನೆಯದು ಜೂನ್: ಹಸಿರು ಪರದೆ ಮುಚ್ಚಿದ ರಾಶಿ. ನಾಲ್ಕನೆಯದು ಆಗಸ್ಟಿನ ಒಂದು ಮುಂಜಾನೆ. ಅವತ್ತು ಗಾಳಿ ಬೀಸಿತ್ತು. ಪರದೆ ಹಾರಿ ಬೇಲಿಗೆ ಸಿಕ್ಕಿತ್ತು. ರಾಶಿ ಕರ್ರಗೆ ಹೊಳೆಯುತ್ತಿತ್ತು.

ಪ್ರತಿ ಚಿತ್ರದ ಕೆಳಗೂ ತಾರೀಖು, ಗಂಟೆ, ನಿಮಿಷ.

ಪ್ರಭುರಾಜ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ. ಮತ್ತೆ ಹಾಕಿಕೊಂಡ. ಚಿತ್ರ ಹಾಗೇ ಇತ್ತು.

“ಮೊದಲ ಎರಡು ವರ್ಷ ಹೊಟ್ಟು ಸುಟ್ಟಿದ್ದು ಖರೇರಿ,” ಎಂದ ಕೊನೆಗೆ. “ಅದನ್ನರ ನಂಬ್ರಿ.”

“ನಂಬ್ತೀನಿ. ಫೋಟೋದಾಗ ಐತಿ.”

“ಹೋದ ವರ್ಷ ಎರಡನೇ ಬೆಳಿಗೆ ಕಾಲುವಿಗೆ ನೀರು ಬಿಡಲಿಲ್ಲ. ಗಂಗಾವತಿ ಮಿಲ್ ನಿಂತ್ವು. ಇದ್ದ ಹೊಟ್ಟನ್ನ ಅವರು ತಮ್ಮ ಬಾಯ್ಲರಿಗೇ ಇಟ್ಕೊಂಡ್ರು. ಇಲ್ಲಿ ಉಗಿ ನಿಂತ್ರ ಆರುನೂರು ಮಂದಿ ಮನಿಗೆ ಹೋಗ್ಬೇಕು. ಎರಡು ತಿಂಗಳ ಮಾತು ಅಂತ ಕಲ್ಲಿದ್ಲಿ ತರಿಸಿದ್ವಿ. ಆಮ್ಯಾಲ ಹೊಟ್ಟು ಬಂತು, ಆದ್ರ ಅದನ್ನ ಬ್ಯಾರೆದವ್ರು ಹಿಡದುಬಿಟ್ಟಿದ್ರು.”

“ಮ್ಯಾಲಿನವ್ರಿಗೆ ತಿಳಿಸಿದ್ರೇನು?”

“ತಿಳಿಸಿದೆ. ‘ಈ ವರ್ಷದ ವಚನ ಆಗಲೇ ಅಚ್ಚಾಗೇತಿ, ಅದಕ್ಕ ತಕ್ಕಂಗ ನೋಡ್ಕೊಳ್ರಿ’ ಅಂದ್ರು.”

“ಬರದು ಕೊಟ್ಟಾರ?”

“ಫೋನಿನ್ಯಾಗ ಹೇಳಿದ್ರು.” ಅವನು ನಗಲು ನೋಡಿದ, ಆಗಲಿಲ್ಲ. “ಅಂಥಾ ಮಾತು ಯಾರು ಬರದು ಕೊಡ್ತಾರ್ರಿ?”

ನೇತ್ರಾವತಿಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ದಣಿವು. ಇಂಥ ಕೋಣೆಗಳಲ್ಲಿ ಅವಳು ನೋಡಿದವರೆಲ್ಲ ಹೀಗೇ ಇದ್ದರು. ಯಾರೂ ದುಷ್ಟರಲ್ಲ. ಎರಡು ತಿಂಗಳ ಮಾತು ಎಂದು ಶುರು ಮಾಡಿದವರು.

“ಹಿಂಗ ಮಾಡ್ರಿ,” ಎಂದಳು. “ಯಾವತ್ತಿನಿಂದ ಎಷ್ಟು ಕಲ್ಲಿದ್ಲಿ ಸುಟ್ಟೀರಿ, ಒಂದು ಹಾಳ್ಯಾಗ ಬರದು ಕೊಡ್ರಿ. ನಾ ವರದಿ ತಿದ್ತೀನಿ. ಫ್ಯಾಕ್ಟರಿ ಬಂದ್ ಆಗಂಗಿಲ್ಲ. ಡಬ್ಬಿ ಮ್ಯಾಲಿನ ಎಲಿ ಹೋಗ್ತೈತಿ, ಅಷ್ಟ.”

“ಎಲಿ ಹೋದ್ರ ಹೊಣಿ ಯಾರು ಅಂತ ಕೇಳ್ತಾರ್ರಿ. ಎಲ್ಲಾ ಕಾಗದದ ಮ್ಯಾಲ ನನ್ನ ಸಹಿ ಐತಿ.” ಅವನು ಮುಂದಕ್ಕೆ ಬಾಗಿದ. “ಬಾಯ್ಲರಿನ ಪಾಳಿ ಪುಸ್ತಕ ಅಂತ ಒಂದು ಇರ್ತೈತಿ. ಏನು ಹಾಕಿದ್ವಿ, ಎಷ್ಟು ಹಾಕಿದ್ವಿ, ಪಾಳಿಯವ ತನ್ನ ಕೈಯಾಗ ಬರೀತಾನ. ನಿಮಗ ತೋರಿಸಿದ್ದು ಆಫೀಸಿನ್ಯಾಗ ತಯಾರು ಮಾಡಿದ್ದು. ಅಸಲ ಪುಸ್ತಕ ದುರಗೇಶ ಒಯ್ದಾನ. ಅದರಾಗ ನಾ ತಿದ್ದಿದ್ದೂ ಐತಿ, ನನ್ನ ಅಕ್ಷರದಾಗ. ಅದು ಮೊದಲು ನನಗ ಸಿಗಬೇಕು. ಆಮ್ಯಾಲ ನೀವು ಹೇಳಿದ್ದು ಬರದು ಕೊಡ್ತೀನಿ.”

“ಅವನ್ನ ಹುಡುಕಾಕ ಹತ್ತೀರಿ ಅಂದಂಗಾತು.”

“ನಾನಲ್ರಿ. ಸೆಕ್ಯೂರಿಟಿ ಗುತ್ತಿಗೆದಾರನ ಮಂದಿ. ಅವರು ಹುಡುಕೋ ರೀತಿ ನನಗ ಸೇರಂಗಿಲ್ಲ.”

“ಓಬಳೆಪ್ಪಗ ಏನಾತು?”

ಪ್ರಭುರಾಜ ಮೇಜಿನ ಮೇಲಿನ ಪೆನ್ನನ್ನು ನೋಡಿದ. “ದವಾಖಾನ್ಯಾಗ ಅದಾನ. ಬಲಗೈ ಎರಡು ಕಡಿ ಮುರದೈತಿ. ಬೈಕಿನ ಮ್ಯಾಲಿಂದ ಬಿದ್ದೆ ಅಂತ ಹೇಳ್ಯಾನಂತ.”

ಮೇಲೆ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಹೊರಗೆಲ್ಲೋ ಟ್ರ್ಯಾಕ್ಟರ್ ಒಂದರ ಸದ್ದು ಹತ್ತಿರವಾಗಿ ನಿಂತಿತು.

“ಅಂವಾ ಆ ಗುರುವಾರ ಮುಂಜಾನೆ ಆರೂ ಹತ್ತಕ್ಕ ಮುಂದಿನ ಗೇಟ್ ದಾಟ್ಯಾನ,” ಎಂದ ಪ್ರಭುರಾಜ, ತನ್ನಷ್ಟಕ್ಕೇ ಎಂಬಂತೆ. “ಆದ್ರ ಮಧ್ಯಾಹ್ನ ಮೂರಕ್ಕ ಪುಸ್ತಕ ಬಾಯ್ಲರ್ ಮನ್ಯಾಗ ಇತ್ತು. ನಾನ ನೋಡೀನಿ. ಸಂಜಿ ಐದಕ್ಕ ಇರಲಿಲ್ಲ. ಹೆಂಗ ಅನ್ನೋದು ಒಂಬತ್ತು ದಿನದಿಂದ ನನಗ ತಿಳಿವಲ್ದು.”

ಮಾತು ಮುಗಿಸಿದವನು ತೆರೆಯ ಕಡೆ ತಿರುಗಿದ. ಅವನ ಕಣ್ಣು ಚಿತ್ರದ ಕೆಳಗಿನ ಗಂಟೆ ನಿಮಿಷದ ಮೇಲೆ ನಿಂತಿತು.

ನೇತ್ರಾವತಿಗೆ ಆಗ ಹೊಳೆಯಿತು. ಮೂರು ವರ್ಷದ ಚಿತ್ರಗಳನ್ನು ಸೋಸಿ ರಾಶಿಯ ಬಣ್ಣ ಮಾತ್ರ ನೋಡಿದ್ದಳು. ಆ ಒಂದು ಗುರುವಾರದ್ದನ್ನು ನೋಡಿರಲಿಲ್ಲ. ಎಲ್ಲವೂ ಆ ಪೆನ್ ಡ್ರೈವಿನಲ್ಲೇ ಇದ್ದವು. ಇವನ ಕೈಗೆ ತಾನೇ ತಂದು ಕೊಟ್ಟಿದ್ದಳು.

“ಅದನ್ನ ಕೊಡ್ರಿ, ನಾ ಹೊಂಡ್ತೀನಿ,” ಎಂದು ಕೈ ಚಾಚಿದಳು.

“ಒಂದು ನಿಮಿಷ ತಡೀರಿ.” ಅವನ ಬೆರಳು ಆಗಲೇ ತಾರೀಖುಗಳನ್ನು ಕೆಳಗಿಳಿಸುತ್ತಿತ್ತು. ಗುರುವಾರ. ಮುಂಜಾನೆ ಹತ್ತರ ಚಿತ್ರ: ಪರದೆ ಮುಚ್ಚಿದ ರಾಶಿ, ಟಾಕಿ, ಖಾಲಿ ಗೇಟು. ಸಂಜೆ ನಾಲ್ಕೂ ಎರಡು ನಿಮಿಷದ ಚಿತ್ರ.

ಟಾಕಿಯ ಚೌಕಗಳು ನಿಚ್ಚಳವಾಗಿದ್ದವು. ಪ್ರಭುರಾಜ ಬಲಗಡೆಯ ಕೆಳಮೂಲೆಯನ್ನು ಹಿಡಿದು ದೊಡ್ಡದು ಮಾಡಿದ. ಮತ್ತೆ ದೊಡ್ಡದು ಮಾಡಿದ. ಒಳ್ಳೆಯ ಲೆನ್ಸು. ಮೂಲೆಯಲ್ಲೂ ಮಸುಕಿರಲಿಲ್ಲ.

ಹಿಂದಿನ ಗೇಟಿನ ಹತ್ತಿರ ಬೂದಿಯ ಟ್ರ್ಯಾಕ್ಟರ್ ನಿಂತಿತ್ತು. ಅದರ ಮರೆಯಲ್ಲಿ ದುರಗೇಶ, ಮುಖಕ್ಕೆ ಅರ್ಧ ಟವೆಲ್ ಸುತ್ತಿಕೊಂಡವನು. ಅವನು ಉದ್ದನೆಯ ಕೆಂಪು ರಟ್ಟಿನ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಚಾಚಿದ್ದ. ಅದನ್ನು ಸೆರಗಿನೊಳಗೆ ತೆಗೆದುಕೊಳ್ಳುತ್ತಿದ್ದ ಹೆಂಗಸು ಒಂದು ಗಳಿಗೆ ತಲೆ ಎತ್ತಿ ಮೇಲೆ ನೋಡಿದ್ದಳು, ಸರಿಯಾಗಿ ಕ್ಯಾಮೆರಾದ ಕಡೆಗೇ.

ಹೊಳಿಯಮ್ಮ.

ಹೊತ್ತು ಮುಳುಗುವ ತನಕ ಮಣ್ಣು ಕಲಿಸಿದೆ ಎಂದವಳು. ತಮ್ಮನನ್ನು ಹುಡುಕಿ ಕೊಡಿ ಎಂದು ಕಾಲು ಹಿಡಿಯಲು ಬಂದವಳು. ಅವಳು ಕೊಟ್ಟ ರೊಟ್ಟಿ ಇನ್ನೂ ಹೊಟ್ಟೆಯಲ್ಲಿತ್ತು. ಎದೆಗೆ ನೋವಾಯಿತು, ಮರುಕ್ಷಣವೇ ಆ ನೋವಿನ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಪುಸ್ತಕ ಇರುವುದು ಅವಳ ಹತ್ತಿರ.

“ಯಾರ್ರಿ ಈಕಿ?” ಎಂದ ಪ್ರಭುರಾಜ. “ಗುರುತು ಐತೇನು ನಿಮಗ?”

ಇಪ್ಪತ್ತೆಂಟು ವರ್ಷ ನೇತ್ರಾವತಿ ಯಂತ್ರ ತೋರಿಸಿದ್ದನ್ನು ಬಿಟ್ಟು ಬೇರೆ ಬರೆದವಳಲ್ಲ, ಕಂಡದ್ದನ್ನು ಬಿಟ್ಟು ಬೇರೆ ಹೇಳಿದವಳಲ್ಲ. ಅದಕ್ಕಾಗಿ ಮೂರು ಸಲ ವರ್ಗವಾಗಿದ್ದಳು.

“ಗೊತ್ತಿಲ್ರಿ,” ಎಂದಳು. “ನೋಡಿಲ್ಲ ಎಲ್ಲೂ.”

ಅವನು ಅವಳ ಮುಖವನ್ನು ನೋ‌ಡಲಿಲ್ಲ. ತೆರೆಯನ್ನೇ ನೋಡುತ್ತಿದ್ದ. “ಬೂದಿ ತುಂಬಾಕ ಬರೋ ಹೆಣ್ಮಗಳು ಇರಬೇಕು. ಕಾಲು ನೋಡ್ರಿ, ಮೊಣಕಾಲಮಟ ಕೆಂಪು ಧೂಳು. ಭಟ್ಟಿಯಾಕಿ.”

“ಧೂಳು ಎಲ್ಲಾರ ಕಾಲಿಗೂ ಇರ್ತೈತ್ರಿ ಈ ಊರಾಗ.”

“ಇರ್ತೈತಿ,” ಎಂದವನು ಮೇಜಿನ ಮೇಲಿನ ಫೋನ್ ಎತ್ತಿ ಎರಡು ಅಂಕಿ ಒತ್ತಿದ.

“ಪ್ರಭುರಾಜ್ರ,” ನೇತ್ರಾವತಿ ಎದ್ದು ನಿಂತಳು. ಮಂಡಿ ನೋವು ಅವಳಿಗೆ ತಿಳಿಯಲಿಲ್ಲ. “ಓಬಳೆಪ್ಪನ ಕೈ ನೆನಪಿಟ್ಕೊಳ್ರಿ.”

ಅವನ ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಅವನು ಕಣ್ಣು ಬೇರೆ ಕಡೆ ತಿರುಗಿಸಿದ. “ಹಿಂದಿನ ಗೇಟೇನು? ಬೂದಿ ಒಯ್ಯಾಕ ಯಾರ ಟ್ರ್ಯಾಕ್ಟರ್ ಬರ್ತೈತಿ?”

ಆ ಕಡೆಯ ದನಿ ನಿಶ್ಶಬ್ದ ಕೋಣೆಯಲ್ಲಿ ನೇತ್ರಾವತಿಗೂ ಕೇಳಿಸಿತು.

“ಪಂಪಣ್ಣನ ಭಟ್ಟೀದು ಒಂದ ರೀ ಸರ. ಈಗ ಇಲ್ಲೇ ಐತ್ರಿ. ಮೂವರು ಹೆಣ್ಮಕ್ಕಳು ಬೂದಿ ತುಂಬಾಕ ಹತ್ಯಾರ.”

ನೇತ್ರಾವತಿ ಕಿಟಕಿಯ ಹತ್ತಿರ ಬಂದಳು. ಕೆಳಗೆ, ಬಿಸಿಲಿನಲ್ಲಿ, ಬೂದಿಯ ಧೂಳಿನ ನಡುವೆ ಮೂರು ಸೀರೆಗಳು ಬುಟ್ಟಿ ಎತ್ತಿ ಎತ್ತಿ ಟ್ರೇಲರಿಗೆ ಸುರಿಯುತ್ತಿದ್ದವು. ಅವರಲ್ಲಿ ಹೊಳಿಯಮ್ಮ ಇದ್ದಾಳೋ ಇಲ್ಲವೋ ಮೇಲಿನಿಂದ ತಿಳಿಯಲಿಲ್ಲ.

ಹಿಂದಿನಿಂದ ಪ್ರಭುರಾಜನ ಮಾತು ಕೇಳಿಸಿತು.

“ಗೇಟ್ ಹಾಕ್ರಿ. ನಾ ಬರೂತನ ಒಬ್ಬರನ್ನೂ ಹೊರಗ ಬಿಡಬ್ಯಾಡ್ರಿ.”